ಪಾಸ್‌ವರ್ಡ್ 90 ದಿನಕ್ಕೊಮ್ಮೆ ಬದಲಿಸಲೇಬೇಕೆ? ಅಕೌಂಟ್ ಲಾಕ್ ಆದರೆ ಹ್ಯಾಕ್ ಆಗಿದೆ ಎಂದರ್ಥವೆ?

"ಪಾಸ್‌ವರ್ಡ್ ಆಗಾಗ ಬದಲಿಸುತ್ತಿರಿ, ಇಲ್ಲದಿದ್ದರೆ ಹ್ಯಾಕ್ ಆಗುವುದು ಖಚಿತ." "ಅಕೌಂಟ್ ಲಾಕ್ ಆಗಿದೆ ಎಂದರೆ ಯಾರೋ ಒಳಗೆ ನುಗ್ಗಿದ್ದಾರೆ." "ಆಫೀಸಿನ ಐಟಿ ವಿಭಾಗದವರಿಗೆ ನಿಮ್ಮ ಪಾಸ್‌ವರ್ಡ್ ಕಾಣುತ್ತಿರುತ್ತದೆ." ಇಂಥ ಮಾತುಗಳನ್ನು ವಾಟ್ಸಾಪ್ ಗುಂಪುಗಳಲ್ಲಿ ನೀವೂ ಓದಿರಬಹುದು. ಒಳ್ಳೆಯ ಉದ್ದೇಶದಿಂದಲೇ ಯಾರೋ ಕಳಿಸಿರುತ್ತಾರೆ, ನಾವೂ ಒಳ್ಳೆಯದೆಂದೇ ನಾಲ್ಕು ಜನಕ್ಕೆ ದಾಟಿಸುತ್ತೇವೆ.

ಇವುಗಳಲ್ಲಿ ಕೆಲವು ಹಿಂದೊಮ್ಮೆ ಸರಿಯೆನಿಸಿಕೊಂಡು ಈಗ ಕೈಬಿಟ್ಟ ಸಲಹೆಗಳು. ಕೆಲವು ಅರ್ಧ ಸತ್ಯಗಳು. ತಪ್ಪು ತಿಳಿವಳಿಕೆಯಿಂದ ನಷ್ಟವೂ ಇದೆ. ಪಾಸ್‌ವರ್ಡ್ ಅವಧಿ ಮುಗಿಯುತ್ತದೆ ಎಂಬ ಹೆದರಿಕೆಯನ್ನೇ ಬಂಡವಾಳ ಮಾಡಿಕೊಂಡು ಮೋಸಗಾರರು ನಕಲಿ ಇಮೇಲ್ ಕಳಿಸುತ್ತಾರೆ. ಹಾಗಾಗಿ ನಾವು ಪಾಸ್‌ವರ್ಡ್ ಹಾಕಿದಾಗ ತೆರೆಯ ಹಿಂದೆ ಏನಾಗುತ್ತದೆ, ಲಾಕ್ ಮಾಡುವವರು ಯಾರು, 90 ದಿನದ ಲೆಕ್ಕ ಎಲ್ಲಿಂದ ಬಂತು ಎಂಬುದನ್ನು ಒಂದೊಂದಾಗಿ ನೋಡೋಣ.

ಎಲ್ಲದರ ಹಿಂದಿರುವ ಒಂದು ಪುಸ್ತಕ

ಸ್ವಲ್ಪ ದೊಡ್ಡ ಕಾಲೇಜು ಅಥವಾ ಕಚೇರಿಯಲ್ಲಿ ವೈಫೈ, ಇಮೇಲ್, ಲೈಬ್ರರಿ ಪೋರ್ಟಲ್, ಲ್ಯಾಬಿನ ಕಂಪ್ಯೂಟರ್ ಎಲ್ಲಕ್ಕೂ ಒಂದೇ ಯೂಸರ್‌ನೇಮ್, ಒಂದೇ ಪಾಸ್‌ವರ್ಡ್ ಇರುವುದನ್ನು ನೀವು ಗಮನಿಸಿರಬಹುದು. ಪ್ರತಿ ಯಂತ್ರವೂ ನಿಮ್ಮ ಪಾಸ್‌ವರ್ಡನ್ನು ಬೇರೆ ಬೇರೆಯಾಗಿ ಇಟ್ಟುಕೊಂಡಿರುವುದಿಲ್ಲ. ಎಲ್ಲರ ವಿವರವನ್ನೂ ಒಂದೇ ಕಡೆ ಇಟ್ಟಿರುವ ಸರ್ವರ್ ಒಂದಿರುತ್ತದೆ. ಅದನ್ನು ಡೈರೆಕ್ಟರಿ ಸರ್ವರ್ ಎನ್ನುತ್ತಾರೆ. ವೈಫೈ ಯಂತ್ರವಾಗಲಿ, ಇಮೇಲ್ ಆಗಲಿ, "ಇವರು ಹೇಳುತ್ತಿರುವ ಪಾಸ್‌ವರ್ಡ್ ಸರಿಯೇ?" ಎಂದು ಆ ಸರ್ವರನ್ನು ಕೇಳುತ್ತದೆ. ಹೀಗೆ ಕೇಳುವ ಭಾಷೆಗಳಲ್ಲಿ ತುಂಬ ಬಳಕೆಯಲ್ಲಿರುವುದು ಎಲ್‌ಡ್ಯಾಪ್.

ಡೈರೆಕ್ಟರಿಗಳಿಗಾಗಿ 1988ರಲ್ಲಿ ಎಕ್ಸ್.500 ಎಂಬ ಅಂತರರಾಷ್ಟ್ರೀಯ ಮಾನದಂಡ ಬಂದಿತ್ತು. ಆದರೆ ಅದು ಆ ಕಾಲದ ಸಣ್ಣ ಕಂಪ್ಯೂಟರುಗಳಿಗೆ ಬಲು ಭಾರವಾಗಿತ್ತು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಟಿಮ್ ಹೋವ್ಸ್ ಮತ್ತು ಅವರ ಜೊತೆಗಾರರು ಅದನ್ನು ಹಗುರಗೊಳಿಸಿ 1993ರಲ್ಲಿ ಎಲ್‌ಡ್ಯಾಪ್ ರೂಪಿಸಿದರು. ಹೆಸರಿನ ಮೊದಲ ಅಕ್ಷರ 'ಎಲ್' ಇರುವುದೇ 'ಲೈಟ್‌ವೇಟ್', ಅಂದರೆ ಹಗುರ ಎಂಬುದಕ್ಕೆ. ಇಂದಿಗೂ ಬಳಕೆಯಲ್ಲಿರುವ ಮೂರನೇ ಆವೃತ್ತಿ ಬಂದದ್ದು 1997ರಲ್ಲಿ. ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ಓಪನ್‌ಎಲ್‌ಡ್ಯಾಪ್ 1998ರಲ್ಲಿ ಶುರುವಾಯಿತು. ಮೈಕ್ರೋಸಾಫ್ಟ್‌ನ ಆಕ್ಟಿವ್ ಡೈರೆಕ್ಟರಿ ವಿಂಡೋಸ್ 2000ದ ಜೊತೆ ಬಂತು. ಅದೂ ಎಲ್‌ಡ್ಯಾಪ್ ಭಾಷೆ ಆಡುತ್ತದೆ.

ಇದರೊಳಗೆ ವಿವರಗಳು ಇರುವ ರೀತಿ ನಮಗೆ ಹೊಸದೇನಲ್ಲ. ಅಂಚೆ ವಿಳಾಸ ಬರೆಯುವಾಗ ಮೊದಲು ವ್ಯಕ್ತಿಯ ಹೆಸರು, ಆಮೇಲೆ ಬೀದಿ, ಊರು, ತಾಲ್ಲೂಕು, ಜಿಲ್ಲೆ ಎಂದು ಚಿಕ್ಕದರಿಂದ ದೊಡ್ಡದಕ್ಕೆ ಹೋಗುತ್ತೇವಲ್ಲ, ಎಲ್‌ಡ್ಯಾಪ್ ವಿಳಾಸವೂ ಹಾಗೆಯೇ. ಮೊದಲು ವ್ಯಕ್ತಿ, ನಂತರ ವಿಭಾಗ, ಕೊನೆಗೆ ಸಂಸ್ಥೆ. ಆ ವ್ಯಕ್ತಿಯ ಹೆಸರಿನಡಿ ಇಮೇಲ್, ಫೋನ್ ನಂಬರ್, ಪಾಸ್‌ವರ್ಡ್ ಕುರಿತ ಗುರುತು, ಕೊನೆಯ ಬಾರಿ ಪಾಸ್‌ವರ್ಡ್ ಬದಲಿಸಿದ ದಿನ, ಎಷ್ಟು ಸಲ ತಪ್ಪಾಗಿ ಒತ್ತಿದ್ದಾರೆ ಎಂಬೆಲ್ಲ ಲೆಕ್ಕ ಇರುತ್ತದೆ. ನಿಮ್ಮನ್ನು ಲಾಕ್ ಮಾಡುವುದು ಈ ಲೆಕ್ಕ.

ಹೇಳಿಕೆ 1: ಅಕೌಂಟ್ ಲಾಕ್ ಆಗಿದೆ, ಅಂದರೆ ಹ್ಯಾಕ್ ಆಗಿದೆ

ಬಹುತೇಕ ಸಲ ಇದು ನಿಜವಲ್ಲ. ಲಾಕ್ ಎಂದರೆ ಬಾಗಿಲು ಮುಚ್ಚಿದೆ ಎಂದರ್ಥ, ಕಳ್ಳ ಒಳಗೆ ಬಂದಿದ್ದಾನೆ ಎಂದಲ್ಲ. ನಿಗದಿತ ಸಂಖ್ಯೆಗಿಂತ ಹೆಚ್ಚು ಸಲ ತಪ್ಪು ಪಾಸ್‌ವರ್ಡ್ ಬಂದರೆ ಸರ್ವರ್ ತಾನಾಗಿಯೇ ಬಾಗಿಲು ಹಾಕಿಕೊಳ್ಳುತ್ತದೆ. ಈ ಮಿತಿ ಐದು ಇರಬಹುದು, ಹತ್ತು ಇರಬಹುದು. ಅದು ಆಯಾ ಸಂಸ್ಥೆಯ ಅಡ್ಮಿನ್ ಇಟ್ಟ ನಿಯಮ.

"ನಾನು ಒಂದು ಸಲವೂ ತಪ್ಪಾಗಿ ಒತ್ತಿಲ್ಲವಲ್ಲ!" ಎನ್ನುತ್ತೀರಾ? ನೀವು ಒತ್ತಿರಲಿಕ್ಕಿಲ್ಲ, ನಿಮ್ಮ ಫೋನ್ ಒತ್ತಿರುತ್ತದೆ. ಶುಕ್ರವಾರ ಆಫೀಸಿನ ಕಂಪ್ಯೂಟರಿನಲ್ಲಿ ಪಾಸ್‌ವರ್ಡ್ ಬದಲಿಸಿದಿರಿ ಎಂದುಕೊಳ್ಳಿ. ಜೇಬಿನಲ್ಲಿರುವ ಫೋನಿನ ವೈಫೈ ಸೆಟ್ಟಿಂಗ್‌ನಲ್ಲಿ, ಇಮೇಲ್ ಆಪ್‌ನಲ್ಲಿ ಹಳೆಯ ಪಾಸ್‌ವರ್ಡೇ ಉಳಿದಿದೆ. ಸೋಮವಾರ ನೀವು ಗೇಟಿನೊಳಗೆ ಕಾಲಿಡುತ್ತಲೇ ಫೋನ್ ತನ್ನ ಪಾಡಿಗೆ ಹಳೆಯ ಪಾಸ್‌ವರ್ಡ್ ಕೊಟ್ಟು ವೈಫೈ ಹಿಡಿಯಲು ಯತ್ನಿಸುತ್ತದೆ. ಆಗದಿದ್ದರೆ ಮತ್ತೆ, ಮಗದೊಮ್ಮೆ. ನೀವು ಕುರ್ಚಿಯಲ್ಲಿ ಕೂರುವಷ್ಟರಲ್ಲಿ ಐದು ತಪ್ಪು ಮುಗಿದಿರುತ್ತದೆ. ಆಮೇಲೆ ನೀವು ಸರಿಯಾದ ಪಾಸ್‌ವರ್ಡ್ ಒತ್ತಿದರೂ ಬಾಗಿಲು ತೆರೆಯುವುದಿಲ್ಲ.

ಇಲ್ಲಿ ಗೊಂದಲ ಹೆಚ್ಚಿಸುವ ಇನ್ನೊಂದು ಸಂಗತಿ ಇದೆ. ಪಾಸ್‌ವರ್ಡ್ ತಪ್ಪಾದರೂ, ಆ ಹೆಸರಿನವರೇ ಇಲ್ಲದಿದ್ದರೂ, ಖಾತೆ ಲಾಕ್ ಆಗಿದ್ದರೂ ಓಪನ್‌ಎಲ್‌ಡ್ಯಾಪ್ ಮಾಮೂಲಿಯಾಗಿ ಕೊಡುವ ಉತ್ತರ ಒಂದೇ: ದೋಷ ಸಂಖ್ಯೆ 49, ಅಂದರೆ "ಹೆಸರು ಅಥವಾ ಪಾಸ್‌ವರ್ಡ್ ಸರಿಯಿಲ್ಲ". ಇದು ಬೇಕೆಂದೇ ಮಾಡಿದ್ದು. "ಈ ಹೆಸರಿನವರು ಇದ್ದಾರೆ, ಆದರೆ ಲಾಕ್ ಆಗಿದ್ದಾರೆ" ಎಂದು ಹೇಳಿದರೆ ಊಹಿಸುತ್ತಾ ಕೂತ ಕಳ್ಳನಿಗೂ ಅಷ್ಟು ಮಾಹಿತಿ ಸಿಕ್ಕಂತಾಗುತ್ತದೆ. ಕಳ್ಳನಿಗೆ ಹೇಳದ್ದನ್ನು ಸರ್ವರ್ ನಿಮಗೂ ಹೇಳುವುದಿಲ್ಲ. ಹಾಗಾಗಿ "ಪಾಸ್‌ವರ್ಡ್ ತಪ್ಪು" ಎಂದು ತೋರಿಸಿದ ಕೂಡಲೇ ಗಾಬರಿಯಾಗಬೇಡಿ, ಪದೇ ಪದೇ ಒತ್ತಲೂ ಬೇಡಿ.

ನೀವು ಮಾಡಬೇಕಾದ್ದು ಇಷ್ಟು:

• ಪಾಸ್‌ವರ್ಡ್ ಬದಲಿಸಿದ ದಿನವೇ ಫೋನಿನ ವೈಫೈ ಪಟ್ಟಿಯಲ್ಲಿ ಆ ನೆಟ್‌ವರ್ಕನ್ನು 'ಫರ್ಗೆಟ್' ಮಾಡಿ, ಹೊಸ ಪಾಸ್‌ವರ್ಡ್ ಹಾಕಿ ಮತ್ತೆ ಸೇರಿಸಿ.
• ಇಮೇಲ್ ಆಪ್, ಟ್ಯಾಬ್ಲೆಟ್, ಮನೆಯಲ್ಲಿ ಮಕ್ಕಳ ಕೈಗೆ ಕೊಟ್ಟಿರುವ ಹಳೆಯ ಫೋನ್ ಇವುಗಳಲ್ಲೂ ಬದಲಿಸಿ.
• ಬ್ರೌಸರ್ ನೆನಪಿಟ್ಟುಕೊಂಡಿರುವ ಹಳೆಯ ಪಾಸ್‌ವರ್ಡ್ ಅಳಿಸಿ.
• ಲಾಕ್ ಆಗಿಬಿಟ್ಟರೆ ಮೊದಲು ಫೋನಿನ ವೈಫೈ ಆಫ್ ಮಾಡಿ, ಆಮೇಲೆ ಅಡ್ಮಿನ್‌ಗೆ ತಿಳಿಸಿ. ಇಲ್ಲವಾದರೆ ಅವರು ತೆರೆದ ಎರಡೇ ನಿಮಿಷಕ್ಕೆ ಮತ್ತೆ ಲಾಕ್ ಆಗಬಹುದು.

ಇವೆಲ್ಲ ಮಾಡಿದ ಮೇಲೂ ಖಾತೆ ಪದೇ ಪದೇ ಲಾಕ್ ಆಗುತ್ತಿದ್ದರೆ ಆಗ ಯಾರೋ ಹೊರಗಿನಿಂದ ಊಹಿಸುತ್ತಿರುವ ಸಾಧ್ಯತೆಯನ್ನು ಪರಿಶೀಲಿಸಬೇಕು. ತಪ್ಪು ಪ್ರಯತ್ನ ಯಾವ ಯಂತ್ರದಿಂದ ಬರುತ್ತಿದೆ ಎಂಬುದು ಸರ್ವರಿನ ದಾಖಲೆಯಲ್ಲಿ ಅಡ್ಮಿನ್‌ಗೆ ಸಿಗುತ್ತದೆ.

ಹೇಳಿಕೆ 2: ಪಾಸ್‌ವರ್ಡ್ 90 ದಿನಕ್ಕೊಮ್ಮೆ ಬದಲಿಸಿದರೆ ಮಾತ್ರ ಸುರಕ್ಷಿತ

ಇದು ಹಳೆಯ ಸಲಹೆ. ಇದನ್ನು ಜಗತ್ತಿಗೆಲ್ಲ ಹಬ್ಬಿಸಿದವರೇ ಈಗ ಬೇಡ ಎನ್ನುತ್ತಿದ್ದಾರೆ.

ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2000ದ ದಶಕದ ಆರಂಭದಲ್ಲಿ ಪಾಸ್‌ವರ್ಡ್ ಕುರಿತು ಮಾರ್ಗದರ್ಶಿಯೊಂದನ್ನು ಹೊರತಂದಿತು. ದೊಡ್ಡಕ್ಷರ, ಅಂಕಿ, ಚಿಹ್ನೆ ಬೆರೆಸಿ, ಆಗಾಗ ಬದಲಿಸಿ ಎಂಬ ಸಲಹೆ ಅದರ ಮೂಲಕ ಕಂಪನಿಗಳಿಗೆ, ಬ್ಯಾಂಕುಗಳಿಗೆ, ಸರ್ಕಾರಗಳಿಗೆ ಹರಡಿತು. ಆ ಭಾಗವನ್ನು ಬರೆದ ಬಿಲ್ ಬರ್ ಅವರು ನಿವೃತ್ತರಾದ ಮೇಲೆ 2017ರಲ್ಲಿ, ತಾವು ಬರೆದ ಬಹುಪಾಲು ಸಲಹೆಯ ಬಗ್ಗೆ ಈಗ ವಿಷಾದವಿದೆ ಎಂದು ಪತ್ರಿಕೆಯೊಂದಕ್ಕೆ ಹೇಳಿದರು. ಅದೇ ವರ್ಷ ನಿಸ್ಟ್ ತನ್ನ ಮಾರ್ಗದರ್ಶಿಯನ್ನು ಹೊಸದಾಗಿ ಬರೆದು, ಕಾರಣವಿಲ್ಲದೆ ಇಂತಿಷ್ಟು ದಿನಕ್ಕೊಮ್ಮೆ ಪಾಸ್‌ವರ್ಡ್ ಬದಲಿಸಲು ಒತ್ತಾಯಿಸಬಾರದು ಎಂದು ಸಲಹೆ ಕೊಟ್ಟಿತು. 2025ರ ಆವೃತ್ತಿಯಲ್ಲಿ ಅದು ಸಲಹೆಯಾಗಿ ಉಳಿಯದೆ ಕಟ್ಟುನಿಟ್ಟಿನ ನಿಯಮವೇ ಆಯಿತು. ಮೈಕ್ರೋಸಾಫ್ಟ್ ಕೂಡ 2019ರಲ್ಲಿ ವಿಂಡೋಸ್‌ಗೆ ತಾನು ಶಿಫಾರಸು ಮಾಡುವ ಸುರಕ್ಷತಾ ಸೆಟ್ಟಿಂಗ್‌ಗಳ ಪಟ್ಟಿಯಿಂದ ಪಾಸ್‌ವರ್ಡ್ ಅವಧಿ ಮುಗಿಯುವ ನಿಯಮವನ್ನು ತೆಗೆದುಹಾಕಿತು.

ಯಾಕೆ ಈ ಬದಲಾವಣೆ? ಒತ್ತಾಯಕ್ಕೆ ಪಾಸ್‌ವರ್ಡ್ ಬದಲಿಸುವವರು ಏನು ಮಾಡುತ್ತಾರೆ ಎಂಬುದು ನಮಗೆಲ್ಲ ಗೊತ್ತು. ಕೊನೆಯ 1 ತೆಗೆದು 2 ಹಾಕುತ್ತಾರೆ. ಮುಂದಿನ ಸಲ 3. ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಸಂಶೋಧಕರು ತಮ್ಮಲ್ಲೇ ಬಳಕೆ ನಿಂತುಹೋಗಿದ್ದ 7,700ಕ್ಕೂ ಹೆಚ್ಚು ಖಾತೆಗಳ ಹಳೆಯ ಪಾಸ್‌ವರ್ಡ್‌ಗಳನ್ನು ಪರಿಶೀಲಿಸಿ 2010ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದರು. ಆ ಖಾತೆಗಳಿಗೆ ಮೂರು ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸುವ ನಿಯಮವಿತ್ತು. ಹಿಂದಿನ ಪಾಸ್‌ವರ್ಡ್ ಗೊತ್ತಿದ್ದರೆ, ಸುಮಾರು ಶೇ 17ರಷ್ಟು ಖಾತೆಗಳ ಮುಂದಿನ ಪಾಸ್‌ವರ್ಡನ್ನು ಐದಕ್ಕಿಂತ ಕಡಿಮೆ ಊಹೆಗಳಲ್ಲಿ ಕಂಡುಹಿಡಿಯಬಹುದಿತ್ತು. ಅಂದರೆ ಐದು ತಪ್ಪಿಗೆ ಲಾಕ್ ಆಗುವ ನಿಯಮ ಇದ್ದರೂ ಕಳ್ಳ ಅದಕ್ಕೆ ಮೊದಲೇ ಒಳಗಿರುತ್ತಾನೆ.

ಇನ್ನೊಂದು ಮಾತು. ಪಾಸ್‌ವರ್ಡ್ ಕದ್ದವನು ಅದನ್ನು ಬಳಸಲು 90 ದಿನ ಕಾಯುತ್ತಾ ಕೂರುವುದಿಲ್ಲ. ಕದ್ದ ದಿನವೇ ಬಳಸುತ್ತಾನೆ. ಹಾಗಾಗಿ ಕ್ಯಾಲೆಂಡರ್ ನೋಡಿ ಬದಲಿಸುವುದರಿಂದ ಸಿಗುವ ರಕ್ಷಣೆ ತೀರಾ ಕಡಿಮೆ.

ಹಾಗೆಂದು ಪಾಸ್‌ವರ್ಡ್ ಎಂದೂ ಬದಲಿಸಬಾರದು ಎಂದಲ್ಲ. ಯಾರಿಗಾದರೂ ಹೇಳಿದ್ದರೆ, ಫೋನ್ ಅಥವಾ ಲ್ಯಾಪ್‌ಟಾಪ್ ಕಳೆದುಹೋಗಿದ್ದರೆ, ಅನುಮಾನದ ಪುಟದಲ್ಲಿ ಒತ್ತಿದ್ದರೆ, ನೀವು ಬಳಸುವ ಸೇವೆಯಿಂದ ಮಾಹಿತಿ ಸೋರಿಕೆಯಾದ ಸುದ್ದಿ ಬಂದರೆ ಅದೇ ದಿನ, ಸಾಧ್ಯವಾದರೆ ಅದೇ ಗಂಟೆ ಬದಲಿಸಿ. ಇನ್ನು ನಿಮ್ಮ ಸಂಸ್ಥೆ ಇಂದಿಗೂ 90 ದಿನದ ನಿಯಮ ಇಟ್ಟಿದ್ದರೆ ಅದನ್ನು ಪಾಲಿಸಲೇಬೇಕು. ಕೆಲವು ಉದ್ಯಮಗಳಿಗೆ ಬೇರೆ ಮಾನದಂಡಗಳ ಒತ್ತಡವೂ ಇದೆ. ಉದಾಹರಣೆಗೆ, ಪಾವತಿ ಕಾರ್ಡುಗಳ ಮಾಹಿತಿ ನಿರ್ವಹಿಸುವವರಿಗೆ ಇರುವ ಪಿಸಿಐ ಮಾನದಂಡ, ಪಾಸ್‌ವರ್ಡ್ ಒಂದೇ ರಕ್ಷಣೆಯಾಗಿರುವ ಕಡೆ 90 ದಿನದ ಗಡುವನ್ನು ಒಂದು ಆಯ್ಕೆಯಾಗಿ ಈಗಲೂ ಉಳಿಸಿಕೊಂಡಿದೆ. ಆದರೆ ಬದಲಿಸುವಾಗ ಕೊನೆಯ ಅಂಕಿ ಮಾತ್ರ ತಿದ್ದಬೇಡಿ, ಪೂರ್ತಿ ಬೇರೆಯದನ್ನು ಇಡಿ.

ಹೇಳಿಕೆ 3: ದೊಡ್ಡಕ್ಷರ, ಅಂಕಿ, ಚಿಹ್ನೆ ಇದ್ದರೆ ಪಾಸ್‌ವರ್ಡ್ ಗಟ್ಟಿ

ಅರ್ಧ ಸತ್ಯ. ಇಂಗ್ಲಿಷಿನ ದೊಡ್ಡಕ್ಷರದಿಂದ ಶುರುವಾಗುವ ನಿಮ್ಮ ಊರಿನ ಹೆಸರು, ಅದರ ಮುಂದೆ @, ಅದರ ಮುಂದೆ 123 ಎಂದು ಬರೆದರೆ ಈ ಎಲ್ಲ ನಿಯಮವೂ ಪಾಸ್. ಆದರೆ ಊಹಿಸುವವನು ಮೊದಲು ಪ್ರಯತ್ನಿಸುವುದೇ ಅದನ್ನು.

ಸಣ್ಣ ಲೆಕ್ಕವೊಂದನ್ನು ನೋಡಿ. ಕೀಲಿಮಣೆಯಲ್ಲಿ ಒತ್ತಬಹುದಾದ 95 ಬಗೆಯ ಗುರುತುಗಳನ್ನೆಲ್ಲ ಬಳಸಿ 8 ಗುರುತುಗಳ ಪಾಸ್‌ವರ್ಡ್ ಮಾಡಿದರೆ ಸುಮಾರು 66 ಕೋಟಿ ಕೋಟಿ ಸಾಧ್ಯತೆಗಳಿವೆ. ಬರೀ 26 ಸಣ್ಣಕ್ಷರಗಳಲ್ಲೇ 12 ಅಕ್ಷರದ ಪಾಸ್‌ವರ್ಡ್ ಮಾಡಿದರೆ ಸುಮಾರು 954 ಕೋಟಿ ಕೋಟಿ ಸಾಧ್ಯತೆಗಳು, ಅಂದರೆ 14 ಪಟ್ಟು ಹೆಚ್ಚು! ಅಕ್ಷರಗಳನ್ನು ಮನಬಂದಂತೆ ಆರಿಸಿದಾಗ ಮಾತ್ರ ಈ ಲೆಕ್ಕ ಸರಿ ಎಂಬುದು ನೆನಪಿರಲಿ. ಆದರೂ ಚಿಹ್ನೆ ಸೇರಿಸುವುದಕ್ಕಿಂತ ಉದ್ದ ಹೆಚ್ಚಿಸುವುದು ಲಾಭದಾಯಕ ಎಂಬುದು ಇದರಿಂದ ತಿಳಿಯುತ್ತದೆ. ನಿಸ್ಟ್‌ನ ಇಂದಿನ ನಿಯಮವೂ ಇದನ್ನೇ ಹೇಳುತ್ತದೆ. ಪಾಸ್‌ವರ್ಡ್ ಒಂದೇ ರಕ್ಷಣೆಯಾದರೆ ಕನಿಷ್ಠ 15 ಗುರುತುಗಳಿರಲಿ, ಜೊತೆಗೆ ಒಟಿಪಿಯಂಥ ಎರಡನೇ ರಕ್ಷಣೆ ಇದ್ದರೆ ಕನಿಷ್ಠ 8 ಸಾಕು, ದೊಡ್ಡಕ್ಷರ ಮತ್ತು ಚಿಹ್ನೆಗಳ ಕಡ್ಡಾಯ ಬೇಡ, ಆದರೆ ಈಗಾಗಲೇ ಸೋರಿಕೆಯಾದ ಪಾಸ್‌ವರ್ಡ್‌ಗಳ ಪಟ್ಟಿಯಲ್ಲಿ ಇರುವುದನ್ನು ಒಪ್ಪಬಾರದು.

ಸುಲಭ ದಾರಿ ಎಂದರೆ ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಪದಗಳನ್ನು ಜೋಡಿಸುವುದು. ಹಲಸು, ಸೈಕಲ್, ಇಟ್ಟಿಗೆ, ಜಾತ್ರೆ ಎಂಬಂತೆ. ಈ ಪದಗಳನ್ನೇ ಇಡಬೇಡಿ, ಲೇಖನದಲ್ಲಿ ಅಚ್ಚಾದ ಮೇಲೆ ಅದು ಗುಟ್ಟಲ್ಲ. ಗಾದೆ, ಸಿನಿಮಾ ಹಾಡಿನ ಸಾಲು, ದೇವರ ಹೆಸರು, ಮಕ್ಕಳ ಹುಟ್ಟಿದ ದಿನ ಕೂಡ ಬೇಡ.

ಹೇಳಿಕೆ 4: ಐಟಿ ವಿಭಾಗದವರಿಗೆ ನಿಮ್ಮ ಪಾಸ್‌ವರ್ಡ್ ಕಾಣುತ್ತದೆ

ಸರಿಯಾಗಿ ನಡೆಸುವ ಸರ್ವರಿನಲ್ಲಿ ಕಾಣುವುದಿಲ್ಲ. ರಾಗಿಯನ್ನು ಗಿರಣಿಗೆ ಹಾಕಿ ಹಿಟ್ಟು ಮಾಡಬಹುದು, ಹಿಟ್ಟಿನಿಂದ ಮತ್ತೆ ರಾಗಿ ಮಾಡಲಾಗದು. ಪಾಸ್‌ವರ್ಡ್ ಕೂಡ ಹಾಗೆ ಒಂದು ಗಣಿತದ ಗಿರಣಿಯಲ್ಲಿ ಬಿದ್ದು ಹಿಟ್ಟಾಗುತ್ತದೆ. ಇದಕ್ಕೆ ಹ್ಯಾಶ್ ಎಂದು ಹೆಸರು. ಸರ್ವರ್ ಇಟ್ಟುಕೊಳ್ಳುವುದು ಹಿಟ್ಟನ್ನು ಮಾತ್ರ. ನೀವು ಲಾಗಿನ್ ಆಗುವಾಗ ಕೊಟ್ಟ ಪಾಸ್‌ವರ್ಡನ್ನು ಮತ್ತೆ ಬೀಸಿ, ಎರಡೂ ಹಿಟ್ಟು ಒಂದೇ ಆಗಿದೆಯೇ ಎಂದು ನೋಡುತ್ತದೆ.

ಇಬ್ಬರ ಪಾಸ್‌ವರ್ಡ್ ಒಂದೇ ಇದ್ದರೆ ಹಿಟ್ಟೂ ಒಂದೇ ಆಗಿ ಗುಟ್ಟು ಬಯಲಾಗಬಾರದೆಂದು ಪ್ರತಿಯೊಬ್ಬರದಕ್ಕೂ ಬೇರೆ ಬೇರೆ 'ಉಪ್ಪು' ಬೆರೆಸುತ್ತಾರೆ. ತಾಂತ್ರಿಕ ಭಾಷೆಯಲ್ಲೂ ಅದರ ಹೆಸರು 'ಸಾಲ್ಟ್' ಎಂದೇ. ಉಪ್ಪಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಲಿಂಕ್ಡ್‌ಇನ್ ಉದಾಹರಣೆ ಇದೆ. 2012ರಲ್ಲಿ ಅಲ್ಲಿಂದ ಕದ್ದ ಸುಮಾರು 65 ಲಕ್ಷ ಹ್ಯಾಶ್‌ಗಳು ಅಂತರ್ಜಾಲದಲ್ಲಿ ಬಿದ್ದವು. ಅವುಗಳಿಗೆ ಉಪ್ಪು ಬೆರೆಸಿರಲಿಲ್ಲವಾದ್ದರಿಂದ ಬಹಳಷ್ಟನ್ನು ಬೇಗನೆ ಬಿಡಿಸಿದರು.

ಅಡ್ಮಿನ್ ನಿಮ್ಮ ಹಳೆಯ ಪಾಸ್‌ವರ್ಡ್ ತೆಗೆದು ಹೊಸದು ಇಡಬಲ್ಲರು, ಹಳೆಯದನ್ನು ಓದಲಾರರು. ಅದಕ್ಕೇ "ಪಾಸ್‌ವರ್ಡ್ ಮರೆತಿದ್ದೇನೆ" ಎಂದರೆ ಹೊಸದು ಕೊಡುತ್ತಾರೆಯೇ ಹೊರತು ಹಳೆಯದನ್ನು ಹೇಳುವುದಿಲ್ಲ. ಯಾವುದಾದರೂ ಸೇವೆ ನಿಮ್ಮ ಹಳೆಯ ಪಾಸ್‌ವರ್ಡನ್ನೇ ಇಮೇಲ್‌ನಲ್ಲಿ ಕಳಿಸಿದರೆ, ಅಲ್ಲಿ ಬೀಸುವ ಕೆಲಸ ಆಗಿಲ್ಲ ಎಂದು ತಿಳಿಯಿರಿ. ಅಲ್ಲಿ ಇಟ್ಟ ಪಾಸ್‌ವರ್ಡನ್ನು ಬೇರೆಲ್ಲೂ ಬಳಸಬೇಡಿ. "ಐಟಿ ವಿಭಾಗದಿಂದ ಮಾತಾಡುತ್ತಿದ್ದೇನೆ, ಪರಿಶೀಲನೆಗೆ ನಿಮ್ಮ ಪಾಸ್‌ವರ್ಡ್ ಹೇಳಿ" ಎಂಬ ಕರೆ ಬಂದರೆ ಫೋನ್ ಇಡಿ. ನಿಜವಾದ ಅಡ್ಮಿನ್‌ಗೆ ಅದು ಬೇಕಾಗುವುದೇ ಇಲ್ಲ.

ಹೇಳಿಕೆ 5: "ನಿಮ್ಮ ಪಾಸ್‌ವರ್ಡ್ ಇಂದು ಮುಗಿಯುತ್ತದೆ, ಇಲ್ಲಿ ಒತ್ತಿ" ಎಂಬ ಇಮೇಲ್ ನಿಜ

ಎಲ್‌ಡ್ಯಾಪ್ ಸರ್ವರ್ ತಾನಾಗಿ ಯಾರಿಗೂ ಇಮೇಲ್ ಬರೆಯುವುದಿಲ್ಲ. ಅವಧಿ ಮುಗಿಯುತ್ತಿದೆ ಎಂಬ ಎಚ್ಚರಿಕೆಯನ್ನು ಅದು ಲಾಗಿನ್ ಸಮಯದಲ್ಲಿ ಉತ್ತರದ ಜೊತೆ ಕೊಡುತ್ತದೆ. ಇಮೇಲ್ ಬೇಕೆಂದರೆ ಸಂಸ್ಥೆಯವರು ಬೇರೆ ವ್ಯವಸ್ಥೆ ಮಾಡಿರಬೇಕು. ಕೆಲವರು ಮಾಡಿರುತ್ತಾರೆ ಕೂಡ. ಹಾಗಾಗಿ ಇಂಥ ಇಮೇಲ್ ನಿಜವೂ ಇರಬಹುದು, ನಕಲಿಯೂ ಇರಬಹುದು. ನೋಡಿ ಪತ್ತೆಹಚ್ಚುವುದು ಕಷ್ಟ, ಪತ್ತೆಹಚ್ಚುವ ಅಗತ್ಯವೂ ಇಲ್ಲ. ಅದರಲ್ಲಿರುವ ಲಿಂಕ್ ಒತ್ತದೆ, ನಿಮಗೆ ಮೊದಲೇ ಗೊತ್ತಿರುವ ವಿಳಾಸಕ್ಕೆ ನೀವೇ ಹೋಗಿ ಲಾಗಿನ್ ಆಗಿ. ನಿಜವಾಗಿ ಮುಗಿಯುವಂತಿದ್ದರೆ ಅಲ್ಲೇ ತಿಳಿಯುತ್ತದೆ.

ಮೂರು ತಿಂಗಳಿಗೊಮ್ಮೆ "ಬದಲಿಸಿ, ಇಲ್ಲವಾದರೆ ಲಾಕ್" ಎಂಬ ಇಮೇಲ್ ಓದಿ ಅಭ್ಯಾಸವಾದವರು ನಕಲಿ ಬಂದಾಗಲೂ ಯೋಚಿಸದೆ ಒತ್ತಿಬಿಡುವ ಅಪಾಯವಿದೆ. 90 ದಿನದ ನಿಯಮದ ಬೆಲೆಯನ್ನು ಲೆಕ್ಕ ಹಾಕುವಾಗ ಇದನ್ನೂ ಸೇರಿಸಬೇಕು.

ನೀವೇ ಅಡ್ಮಿನ್ ಆಗಿದ್ದರೆ

ಸಣ್ಣ ಕಾಲೇಜು, ಸಹಕಾರಿ ಸಂಘ, ಆಸ್ಪತ್ರೆಗಳಲ್ಲಿ ಕಂಪ್ಯೂಟರ್ ಬಲ್ಲ ಒಬ್ಬರೇ ಈ ಎಲ್ಲವನ್ನೂ ನೋಡಿಕೊಳ್ಳುವುದುಂಟು. ಅಂಥವರಿಗೆ ಓಪನ್‌ಎಲ್‌ಡ್ಯಾಪ್‌ನಲ್ಲಿ ಎಡವುವ ಜಾಗಗಳ ಪಟ್ಟಿ ಇಲ್ಲಿದೆ. ಇದರ ಪಾಸ್‌ವರ್ಡ್ ನಿಯಮಗಳ ಹೆಸರೆಲ್ಲ 'ಪಿಡಬ್ಲ್ಯೂಡಿ' ಎಂಬ ಅಕ್ಷರಗಳಿಂದ ಶುರುವಾಗುತ್ತವೆ. ಇದು ರಸ್ತೆ ಹಾಕುವ ಇಲಾಖೆಯಲ್ಲ, ಪಾಸ್‌ವರ್ಡ್ ಎಂಬುದರ ಸಂಕ್ಷೇಪ. ಕೆಳಗೆ ಆ ಮೂರಕ್ಷರ ಬಿಟ್ಟು ಉಳಿದ ಹೆಸರು ಕೊಟ್ಟಿದ್ದೇವೆ.

• ಅವಧಿ ಸೆಕೆಂಡುಗಳಲ್ಲಿ: 'ಮ್ಯಾಕ್ಸ್‌ಏಜ್' ಎಂಬಲ್ಲಿ 90 ಎಂದು ಬರೆದರೆ ಅದು 90 ದಿನವಲ್ಲ, 90 ಸೆಕೆಂಡು. 90 ದಿನಕ್ಕೆ 77,76,000 ಎಂದು, ನಡುವೆ ಅಲ್ಪವಿರಾಮವಿಲ್ಲದೆ ಬರೆಯಬೇಕು. ಅವಧಿಯೇ ಬೇಡವೆಂದರೆ 0 ಬರೆಯಿರಿ.

• ಲಾಕ್ ಆಗುತ್ತಲೇ ಇಲ್ಲವೆ: 'ಮ್ಯಾಕ್ಸ್‌ಫೇಲ್ಯೂರ್' 5 ಎಂದು ಇಟ್ಟರೆ ಸಾಲದು. 'ಲಾಕ್‌ಔಟ್' ಎಂಬುದಕ್ಕೂ 'ಟ್ರೂ' ಎಂದು ಕೊಟ್ಟಿರಬೇಕು.

• ಯಾವ ನಿಯಮವೂ ಜಾರಿಯಾಗುತ್ತಿಲ್ಲವೆ: ಮಾಮೂಲಿ ನಿಯಮ ಎಲ್ಲಿದೆ ಎಂದು ತೋರಿಸುವ ವಿಳಾಸದಲ್ಲಿ ಒಂದಕ್ಷರ ತಪ್ಪಿದ್ದರೂ ಸರ್ವರ್ ಗಲಾಟೆ ಮಾಡದೆ ನಿಯಮವಿಲ್ಲದೆಯೇ ನಡೆಯುತ್ತಿರುತ್ತದೆ. ವಿಳಾಸವನ್ನು ಅಕ್ಷರ ಅಕ್ಷರ ಹೋಲಿಸಿ. ಒಬ್ಬರಿಗೆ ಮಾತ್ರ ಬೇರೆ ನಿಯಮ ಕಂಡರೆ, ಅವರ ಹೆಸರಿನಡಿ ಪ್ರತ್ಯೇಕ 'ಪಾಲಿಸಿ ಸಬ್‌ಎಂಟ್ರಿ' ಇದೆಯೇ ನೋಡಿ.

• ಪರೀಕ್ಷೆಯಲ್ಲಿ ಎಲ್ಲ ಪಾಸ್, ಬಳಕೆಯಲ್ಲಿ ಫೇಲ್: ಸರ್ವರಿನ ಸರ್ವಾಧಿಕಾರಿ ಖಾತೆಯಾದ ರೂಟ್‌ಡಿಎನ್‌ಗೆ ಈ ನಿಯಮಗಳು ಅನ್ವಯಿಸುವುದಿಲ್ಲ. ಆ ಖಾತೆಯಿಂದ ಪರೀಕ್ಷಿಸಿದರೆ ಎಂಥ ದುರ್ಬಲ ಪಾಸ್‌ವರ್ಡೂ ಒಪ್ಪಿಗೆಯಾಗುತ್ತದೆ. ಸಾಮಾನ್ಯ ಬಳಕೆದಾರರ ಖಾತೆಯಿಂದಲೇ ಪರೀಕ್ಷಿಸಿ.

• ಉದ್ದದ ನಿಯಮ ಕೆಲಸ ಮಾಡುತ್ತಿಲ್ಲವೆ: ಬೇರೆ ತಂತ್ರಾಂಶವೊಂದು ಪಾಸ್‌ವರ್ಡನ್ನು ಮೊದಲೇ ಬೀಸಿ, ಹಿಟ್ಟನ್ನು ಸರ್ವರಿಗೆ ಕಳಿಸುತ್ತಿರಬಹುದು. ಹಿಟ್ಟು ನೋಡಿ ರಾಗಿ ಎಷ್ಟಿತ್ತೆಂದು ಸರ್ವರ್ ಹೇಳಲಾರದು. 'ಚೆಕ್‌ಕ್ವಾಲಿಟಿ' 2 ಎಂದಿಟ್ಟರೆ ಪರಿಶೀಲಿಸಲಾಗದ ಪಾಸ್‌ವರ್ಡನ್ನು ಅದು ತಿರಸ್ಕರಿಸುತ್ತದೆ. 1 ಇದ್ದರೆ ಸುಮ್ಮನೆ ಒಪ್ಪಿಕೊಳ್ಳುತ್ತದೆ.

• ಬೀಸದೆ ಇಟ್ಟ ಪಾಸ್‌ವರ್ಡ್: ಸಾಮಾನ್ಯ ರೀತಿಯಲ್ಲಿ ಸೇರಿಸಿದ ಪಾಸ್‌ವರ್ಡ್ ಇದ್ದಂತೆಯೇ ದಾಖಲಾಗಬಹುದು. ಅದನ್ನು ಬೀಸಿ ಇಡುವ ಸೆಟ್ಟಿಂಗ್ ಬೇರೆಯಾಗಿದೆ, ಆನ್ ಮಾಡಿ. ಹೊರತೆಗೆದಾಗ ಅರ್ಥವಾಗದ ಅಕ್ಷರಗಳು ಕಂಡವೆಂದು ನೆಮ್ಮದಿ ಬೇಡ. ಅದು ಬೇಸ್64 ಎಂಬ ಬರವಣಿಗೆಯ ರೀತಿಯಷ್ಟೇ, ಯಾರು ಬೇಕಾದರೂ ಕ್ಷಣದಲ್ಲಿ ಬಿಡಿಸಬಹುದು.

• ಎಚ್ಚರಿಕೆ ಯಾರಿಗೂ ಕಾಣುತ್ತಿಲ್ಲವೆ: ಹಲವು ಆಪ್‌ಗಳು ಸರ್ವರ್ ಕೊಡುವ ಅವಧಿಯ ಎಚ್ಚರಿಕೆಯನ್ನು ಓದುವುದೇ ಇಲ್ಲ. ಅವಧಿ ಮುಗಿದ ಮೇಲೆ ಕೊಡುವ ಒಂದೆರಡು 'ಗ್ರೇಸ್' ಅವಕಾಶಗಳನ್ನು ಫೋನಿನ ಇಮೇಲ್ ಆಪ್ ಸದ್ದಿಲ್ಲದೆ ಮುಗಿಸಿರುತ್ತದೆ. 91ನೇ ದಿನ ಬಳಕೆದಾರರಿಗೆ ಆಕಾಶವೇ ಕಳಚಿ ಬೀಳುತ್ತದೆ.

• ಒಮ್ಮೆಲೇ ಎಲ್ಲರ ಲಾಗಿನ್ ನಿಂತಿದೆಯೆ: ಪೋರ್ಟಲ್, ವೈಫೈ ಯಂತ್ರಗಳು ಡೈರೆಕ್ಟರಿಯಲ್ಲಿ ಹುಡುಕಲು ಬಳಸುವ ಸೇವಾ ಖಾತೆಗೂ ಅವಧಿಯ ನಿಯಮ ತಗಲಿರಬಹುದು. ಅದರ ಅವಧಿ ಮುಗಿದ ದಿನ ಎಲ್ಲರೂ ಹೊರಗೆ. ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯಲ್ಲಿ, ಕಾಲೇಜಿನಲ್ಲಿ ಪರೀಕ್ಷೆಯ ದಿನ ಹೀಗಾದರೆ ಗತಿ ಏನು? ಸೇವಾ ಖಾತೆಗಳಿಗೆ ಬೇರೆ ನಿಯಮ, ತುಂಬ ಉದ್ದದ ಪಾಸ್‌ವರ್ಡ್ ಇಡಿ.

• ಒಮ್ಮೆ ಲಾಗಿನ್ ಆಗುತ್ತದೆ, ಒಮ್ಮೆ ಇಲ್ಲ: ಎರಡು ಸರ್ವರ್ ಇದ್ದಾಗ, ಪ್ರತಿ ಸರ್ವರಿನಲ್ಲಿ ಆದ ತಪ್ಪುಗಳ ಲೆಕ್ಕ ಮುಖ್ಯ ಸರ್ವರಿಗೆ ತಾನಾಗಿ ಹೋಗದಿರಬಹುದು. ಒಂದು ಕಡೆ ಲಾಕ್, ಇನ್ನೊಂದು ಕಡೆ ತೆರೆದಿರುತ್ತದೆ. ಎರಡನ್ನೂ ನೋಡಿ.

• ಸಮಯದ ಲೆಕ್ಕ: ಲಾಕ್ ಆದ ಸಮಯ 20250610043000 ಎಂದಿದ್ದು ಕೊನೆಗೆ 'ಝಡ್' ಅಕ್ಷರವಿದ್ದರೆ ಅದು ಜಾಗತಿಕ ಸಮಯ. ಅದಕ್ಕೆ ಐದೂವರೆ ಗಂಟೆ ಸೇರಿಸಿ. 2025ರ ಜೂನ್ 10ರ ಬೆಳಿಗ್ಗೆ 10 ಗಂಟೆಗೆ ಲಾಕ್ ಆಗಿದೆ ಎಂದರ್ಥ. ಸಮಯದ ಬದಲು 000001010000 ಎಂದು ಸೊನ್ನೆಗಳೇ ತುಂಬಿದ್ದರೆ, ಅಡ್ಮಿನ್ ತೆರೆಯುವವರೆಗೂ ಲಾಕ್ ಎಂದು ಅರ್ಥ. ತೆರೆಯಲು ಪಾಸ್‌ವರ್ಡ್ ಬದಲಿಸಬೇಕಿಲ್ಲ, ಆ ಸಾಲನ್ನು ಅಳಿಸಿದರೆ ಸಾಕು.

ದೋಷ ಸಂಖ್ಯೆಗಳನ್ನೂ ಗಮನಿಸಿ. 49 ಎಂದರೆ ಗುರುತು ಸರಿಯಿಲ್ಲ, 19 ಎಂದರೆ ಹೊಸ ಪಾಸ್‌ವರ್ಡ್ ನಿಯಮಕ್ಕೆ ಹೊಂದಿಲ್ಲ, 50 ಎಂದರೆ ಆ ಕೆಲಸಕ್ಕೆ ಅಧಿಕಾರವಿಲ್ಲ, 32 ಎಂದರೆ ಹುಡುಕಿದ ವಿಳಾಸವೇ ಇಲ್ಲ. ಆಕ್ಟಿವ್ ಡೈರೆಕ್ಟರಿಯಲ್ಲಿ 49ರ ಜೊತೆಗೇ ಉಪಸಂಖ್ಯೆ ಇರುತ್ತದೆ. 775 ಇದ್ದರೆ ಖಾತೆ ಲಾಕ್ ಆಗಿದೆ, 532 ಇದ್ದರೆ ಪಾಸ್‌ವರ್ಡ್ ಅವಧಿ ಮುಗಿದಿದೆ, 533 ಇದ್ದರೆ ಖಾತೆ ನಿಷ್ಕ್ರಿಯವಾಗಿದೆ, 773 ಇದ್ದರೆ ಮೊದಲು ಪಾಸ್‌ವರ್ಡ್ ಬದಲಿಸಬೇಕು.

ಕೊನೆಯದಾಗಿ ಎರಡು ಮಾತು. 389ನೇ ಪೋರ್ಟ್‌ನಲ್ಲಿ ಟಿಎಲ್‌ಎಸ್ ಎಂಬ ರಕ್ಷಣೆ ಇಲ್ಲದೆ ಸಾದಾ ಲಾಗಿನ್ ನಡೆದರೆ ಪಾಸ್‌ವರ್ಡ್ ದಾರಿಯುದ್ದಕ್ಕೂ ಬೆತ್ತಲೆಯಾಗಿ ಹೋಗುತ್ತದೆ. 636ನೇ ಪೋರ್ಟ್ ಬಳಸಿ, ಅಥವಾ 389ರಲ್ಲೇ 'ಸ್ಟಾರ್ಟ್‌ಟಿಎಲ್‌ಎಸ್' ಕಡ್ಡಾಯ ಮಾಡಿ. ಇನ್ನು, ಲಾಕ್ ಮಿತಿಯನ್ನು ತೀರಾ ಬಿಗಿ ಮಾಡಬೇಡಿ. ಮೂರು ತಪ್ಪಿಗೆ ಶಾಶ್ವತ ಲಾಕ್ ಎಂದಿಟ್ಟರೆ, ನಿಮ್ಮ ಪ್ರಾಂಶುಪಾಲರ ಯೂಸರ್‌ನೇಮ್ ಗೊತ್ತಿರುವ ಯಾವ ಹುಡುಗನೂ ಮೂರು ಸಲ ಏನೋ ಒಂದು ಒತ್ತಿ ಅವರನ್ನು ಹೊರಗಿಡಬಲ್ಲ! ನಿಸ್ಟ್ ಹೇಳುವುದು, ಸತತ ತಪ್ಪು ಪ್ರಯತ್ನಗಳ ಮಿತಿ 100 ದಾಟಬಾರದು ಎಂದು. ಮೂರೇ ಇರಬೇಕು ಎಂದಲ್ಲ. ಹತ್ತು ತಪ್ಪಿಗೆ ಹದಿನೈದು ನಿಮಿಷದ ಲಾಕ್ ಇಟ್ಟರೆ ಊಹಿಸುವ ಯಂತ್ರವೂ ಸುಸ್ತಾಗುತ್ತದೆ, ಮರೆಗುಳಿ ನೌಕರರೂ ಬದುಕುತ್ತಾರೆ.

ಹಾಗಾದರೆ ನಾವೇನು ಮಾಡಬೇಕು?

• ಒಂದೊಂದು ಕಡೆಗೂ ಬೇರೆ ಪಾಸ್‌ವರ್ಡ್ ಇಡಿ. ಆಫೀಸಿನದನ್ನು ಶಾಪಿಂಗ್ ಆಪ್‌ಗೆ ಇಡಬೇಡಿ. ಅಲ್ಲಿ ಸೋರಿದರೆ ಇಲ್ಲೂ ಬಾಗಿಲು ತೆರೆಯುತ್ತದೆ.
• ಉದ್ದವಾಗಿರಲಿ. ನೆನಪಿಡಲು ಆಗದಿದ್ದರೆ ಪಾಸ್‌ವರ್ಡ್ ಮ್ಯಾನೇಜರ್ ಬಳಸಿ.
• ಸಿಗುವ ಕಡೆಯೆಲ್ಲ ಒಟಿಪಿ ಅಥವಾ ಪಾಸ್‌ಕೀಯಂಥ ಎರಡನೇ ರಕ್ಷಣೆ ಆನ್ ಮಾಡಿ. ಒಟಿಪಿಯನ್ನು ಯಾರಿಗೂ ಹೇಳಬೇಡಿ.
• ಅನುಮಾನ ಬಂದ ದಿನ ಬದಲಿಸಿ, ಕ್ಯಾಲೆಂಡರ್ ನೋಡಿ ಅಲ್ಲ.
• ಮೋಸದಿಂದ ಹಣ ಹೋಗಿದ್ದರೆ ತಡಮಾಡದೆ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಒಟ್ಟಾರೆ ಹೇಳುವುದಾದರೆ, ಲಾಕ್ ಆದ ಖಾತೆ ಹ್ಯಾಕ್ ಆಗಿದೆ ಎಂಬುದು ಬಹುತೇಕ ಸಲ ತಪ್ಪು, 90 ದಿನಕ್ಕೊಮ್ಮೆ ಬದಲಿಸಿದರೆ ಮಾತ್ರ ಸುರಕ್ಷಿತ ಎಂಬುದು ಕೈಬಿಟ್ಟ ಸಲಹೆ, ಚಿಹ್ನೆ ಸೇರಿಸಿದರೆ ಸಾಕು ಎಂಬುದು ಅರ್ಧ ಸತ್ಯ, ಅಡ್ಮಿನ್ ಪಾಸ್‌ವರ್ಡ್ ಓದುತ್ತಾರೆ ಎಂಬುದು ಸರಿಯಾಗಿ ನಡೆಸುವ ಸರ್ವರಿನಲ್ಲಿ ಸುಳ್ಳು. ನಿಮ್ಮ ಗುಂಪಿನಲ್ಲಿ ಇಂಥ ಸಂದೇಶ ಮತ್ತೆ ಬಂದರೆ ದಾಟಿಸುವ ಮೊದಲು ಈ ಐದು ಹೇಳಿಕೆಗಳಲ್ಲಿ ಅದು ಯಾವುದಕ್ಕೆ ಸೇರುತ್ತದೆ ನೋಡಿ. ಇವತ್ತು ಒಂದು ನಿಮಿಷ ಬಿಡುವಿದ್ದರೆ, ಫೋನಿನ ವೈಫೈ ಪಟ್ಟಿ ತೆರೆದು ಆಫೀಸಿನ ಹಳೆಯ ಪಾಸ್‌ವರ್ಡ್ ಇನ್ನೂ ಅಲ್ಲೇ ಕೂತಿದೆಯೇ ಪರೀಕ್ಷಿಸಿಕೊಳ್ಳಿ.